ಕೆಂಪು ಗಾಡಿ, ಕರಿ ಗಾಡಿ, ನಡುವೆ ನಾನು

ಎರಡೂ ಕಂಪನಿಗಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನಾರಾಯಣಪೇಟೆಯ ಅರ್ಧ ಊರು ಈ ಪುಟವನ್ನು ಇಲ್ಲಿಗೇ ಮುಚ್ಚಿಡುತ್ತದೆ, ಗದ್ವಾಲದ ಅರ್ಧ ಊರು ಹರಿದು ಹಾಕುತ್ತದೆ. ಅಪ್ಪನದು ಕೆಂಪು ಗಾಡಿ, ನಮ್ಮ ಮನೆಯವರದು ಕರಿ ಗಾಡಿ, ಇಷ್ಟು ಸಾಕು. ಬಣ್ಣ ಕೆರೆದು ಎರಡನ್ನೂ ಪಕ್ಕಪಕ್ಕ ನಿಲ್ಲಿಸಿದ್ದರೆ ಯಾವುದು ಯಾವುದೆಂದು ಮದುವೆಯಾಗಿ ನಾಲ್ಕು ವರ್ಷವಾದರೂ ನನಗೆ ತಿಳಿಯುತ್ತಿರಲಿಲ್ಲ. ಎರಡು ಗಾಲಿ, ಒಂದು ಸೀಟು, ಸೀಟಿನ ಹಿಂತುದಿಯಲ್ಲಿ ಚೀಲ ಹಿಡಿದುಕೊಂಡು ನಾನು.

ನಾನು ಹುಟ್ಟಿದ್ದು ಗದ್ವಾಲದ ನೇಕಾರರ ಮನೆಯಲ್ಲಿ, ಸೇರಿದ್ದು ನಾರಾಯಣಪೇಟೆಯ ನೇಕಾರರ ಮನೆಯನ್ನು. ಎರಡೂ ಊರಿನ ಸೀರೆಗೆ ಅದರದರದೇ ಹೆಸರಿದೆ, ಅದರದರದೇ ಗರ್ವವಿದೆ. ಮಾವ ಅಳಿಯ ಜಗಳವಾಡಲೇಬೇಕು ಎಂದಿದ್ದರೆ ಸೀರೆಯ ಮೇಲೆ ಆಡಬಹುದಿತ್ತು. ಒಂದು ಅರ್ಥವಾದರೂ ಇರುತ್ತಿತ್ತು. ಆದರೆ ಅಪ್ಪ ನಮ್ಮ ಮನೆಯವರು ನೇಯ್ದ ಸೀರೆಯ ಅಂಚನ್ನು ಬೆರಳಲ್ಲಿ ಸವರಿ ಹೊಗಳುತ್ತಿದ್ದ. ನಮ್ಮ ಮನೆಯವರು ಅಪ್ಪನ ಕೈಯ ಕೆಲಸವನ್ನು ನಾಲ್ಕು ಜನರ ಮುಂದೆ ಕೊಂಡಾಡುತ್ತಿದ್ದರು. ಹೊಟ್ಟೆಗೆ ಹಾಕುವ ಕಸುಬಿನ ವಿಷಯದಲ್ಲಿ ಇಬ್ಬರೂ ದೇವರಂಥವರು. ಪೆಟ್ರೋಲು ಕುಡಿಯುವ ಕಬ್ಬಿಣದ ವಿಷಯಕ್ಕೆ ಬಂದರೆ ಮಾತ್ರ ಮೈಮೇಲೆ ಬಂದವರಂತೆ ಆಡುತ್ತಿದ್ದರು.

ಶುರುವಾದದ್ದು ಮದುವೆಯ ಹೊಸದರಲ್ಲಿ. ನಮ್ಮ ಮನೆಯವರು ನನ್ನನ್ನು ಕರಿ ಗಾಡಿಯಲ್ಲಿ ಕೂರಿಸಿಕೊಂಡು ಮೊದಲ ಸಲ ಗದ್ವಾಲಕ್ಕೆ ಹೋದರು. ನಮ್ಮ ತವರಿನ ಓಣಿಯಲ್ಲಿ ಬೆಳಗಿನ ಹೊತ್ತು ಹಾಸಿನ ನೂಲಿಗೆ, ಎಂದರೆ ಸೀರೆಯ ಉದ್ದದ ಎಳೆಗಳಿಗೆ, ಗಂಜಿ ಹಾಕುತ್ತಾರೆ. ಓಣಿಯ ಈ ತುದಿಯಿಂದ ಆ ತುದಿಯವರೆಗೆ ನೂಲು ಬಿಗಿದು ನಿಲ್ಲಿಸಿರುತ್ತಾರೆ, ದಾರಿ ಕಟ್ಟಿಹೋಗಿರುತ್ತದೆ. ಪರಿಚಯದವರು ಗಾಡಿಯಲ್ಲಿ ಬಂದರೆ ಇಬ್ಬರು ಸೇರಿ ನೂಲನ್ನು ಮೇಲೆತ್ತಿ ಹಿಡಿಯುತ್ತಾರೆ, ಗಾಡಿಯವನು ತಲೆ ಬಗ್ಗಿಸಿ ಕೆಳಗಿಂದ ದಾಟುತ್ತಾನೆ. ಅಂದು ಹೊಸ ಅಳಿಯ ಬಂದು ನಿಂತರು. ಆ ಓಣಿಯಲ್ಲಿ ಇದ್ದದ್ದೆಲ್ಲ ಕೆಂಪು ಗಾಡಿಗಳು. ನೂಲು ಹಿಡಿದಿದ್ದ ದೊಡ್ಡಪ್ಪ ಒಬ್ಬರು ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, "ಅಳಿಯಾರು ಇಳೀರಿ, ನಿಮಗ ನೂಲು ಎತ್ತತೀವಿ. ಗಾಡಿ ಮಾತ್ರ ಹಿಂದಿನ ಓಣಿಯಿಂದ ತಳ್ಕೊಂಡು ಬರ್ರಿ" ಅಂದರು. ಎಲ್ಲರೂ ನಕ್ಕರು. ನನಗೂ ನಗು ಬಂತು, ಅದೇ ತಪ್ಪಾಯಿತು. ನಮ್ಮ ಮನೆಯವರು ಗಾಡಿಯನ್ನು ಹಿಂದಿನ ಓಣಿಯ ಚರಂಡಿಯ ಪಕ್ಕದಲ್ಲಿ ತಳ್ಳಿಕೊಂಡು ಬಂದರು, ಊಟ ಮಾಡಿದರು, ಎಲ್ಲರಿಗೂ ನಮಸ್ಕಾರ ಮಾಡಿದರು. ಮತ್ತೆ ಆ ಓಣಿಗೆ ತಮ್ಮ ಗಾಡಿಯನ್ನು ತರುವುದಿಲ್ಲ ಎಂದು ದಾರಿಯಲ್ಲಿ ನನ್ನ ಹತ್ತಿರ ಹೇಳಿದರು.

ಅಪ್ಪನಿಗೂ ತಕ್ಕದ್ದು ಸಿಕ್ಕಿತು. ನಾರಾಯಣಪೇಟೆಗೆ ಬಂದಾಗ ಅವನ ಹಿಂದಿನ ಗಾಲಿ ಪಂಕ್ಚರಾಯಿತು. ನಮ್ಮ ಓಣಿಯ ಮೆಕ್ಯಾನಿಕ್ ಕರಿ ಕಂಪನಿಯ ಭಕ್ತ. ಗಾಡಿಯನ್ನು ನೋಡಿ, "ಈ ಕಂಪನಿದಕ್ಕ ನಮ್ಮಲ್ಲಿ ಸಾಮಾನು ಸಿಗಂಗಿಲ್ರಿ ಯಜಮಾನ್ರ" ಎಂದನಂತೆ. ಪಂಕ್ಚರಿಗೆ ಏನು ಸಾಮಾನು ಎಂದು ಅಪ್ಪ ಕೇಳಿದನಂತೆ. "ಗಾಳಿನೂ ಬ್ಯಾರೆ ಹಾಕಬೇಕಾಗ್ತೈತಿ" ಎಂದನಂತೆ ಅವನು. ಅಪ್ಪ ಗಾಡಿ ತಳ್ಳಿಕೊಂಡು ಬಸ್‌ಸ್ಟ್ಯಾಂಡಿನವರೆಗೆ ಹೋದ. ಅಂದಿನಿಂದ ನಾರಾಯಣಪೇಟೆ ಅವನಿಗೆ ನಿಷಿದ್ಧ.

ಹೀಗಾಗಿ ಮಕ್ತಲ ಗಡಿಯಾಯಿತು. ಎರಡು ಊರಿನ ನಡುವೆ ಇರುವ ಮಕ್ತಲದಲ್ಲಿ, ಬಸ್‌ಸ್ಟ್ಯಾಂಡಿನ ಎದುರು ಒಬ್ಬ ಅವ್ವನ ಚಹಾದಂಗಡಿ ಇದೆ. ನಮ್ಮ ಮನೆಯವರು ನನ್ನನ್ನು ಅಲ್ಲಿಯವರೆಗೆ ತಂದು ಬಿಡಬೇಕು, ಅಪ್ಪ ಗದ್ವಾಲದಿಂದ ಬಂದು ಅಲ್ಲಿಂದ ಕರೆದೊಯ್ಯಬೇಕು. ಬರುವಾಗ ಇದರ ಉಲ್ಟಾ. ಬಸ್ಸಿಲ್ಲವೇ ಎಂದು ನೀವು ಕೇಳಬಹುದು. ಇದೆ. ಮನೆಯಲ್ಲಿ ಗಾಡಿ ಇಟ್ಟುಕೊಂಡು ಹೆಣ್ಣುಮಗಳನ್ನು ಬಸ್ಸಿಗೆ ಹತ್ತಿಸಿದರೆ, ಗಾಡಿ ಕೆಟ್ಟಿದೆ ಎಂದು ಎದುರು ಪಾರ್ಟಿಯವರು ತಿಳಿದುಕೊಳ್ಳುವುದಿಲ್ಲವೇ? ಇಬ್ಬರೂ ಒಪ್ಪಿದ್ದ ಒಂದೇ ಮಾತು ಇದು.

ನನ್ನ ಸಂಕಟ ಹೇಳುತ್ತೇನೆ. ನಮ್ಮ ಮಗ್ಗಕ್ಕೆ ಒಂದು ಹಾಸು ಏರಿಸಿದರೆ ಎಂಟು ಸೀರೆ. ಎಂಟನೆಯದನ್ನು ಕೊಯ್ದು ಕೆಳಗಿಳಿಸಿದ ಮೇಲೆ, ಹೊಸ ಹಾಸು ಬಂದು ಅದರ ಎಳೆಗಳನ್ನು ಹಳೆಯ ಎಳೆಗಳಿಗೆ ಒಂದೊಂದಾಗಿ ಕೂಡಿಸುವವರೆಗೆ ಮಗ್ಗ ಖಾಲಿ. ಹೆಚ್ಚೆಂದರೆ ಮೂರು ದಿನ. ನೇಕಾರರ ಮನೆಯ ಸೊಸೆ ತವರಿಗೆ ಹೋಗುವುದಿದ್ದರೆ ಆ ಮೂರು ದಿನದಲ್ಲೇ ಹೋಗಿ ಬರಬೇಕು, ಹಬ್ಬ ಯಾವಾಗ ಬಂದರೂ ನಮ್ಮ ಹಬ್ಬ ಅದೇ. ಆ ಮೂರು ದಿನದಲ್ಲಿ ಹೋಗುವಾಗ ಅರ್ಧ ದಿನ, ಬರುವಾಗ ಅರ್ಧ ದಿನ ಮಕ್ತಲದ ಬೆಂಚಿನ ಮೇಲೆ ಕಳೆಯುತ್ತಿತ್ತು. ಅಪ್ಪನ ಗಾಡಿ ಸರ್ವಿಸಿಗೆ ಹೋಗಿದ್ದರೆ ಪ್ರಯಾಣವೇ ರದ್ದು, ಯಾಕೆಂದರೆ ಕರಿ ಗಾಡಿ ಗಡಿ ದಾಟುವಂತಿಲ್ಲ. ಅಮ್ಮನ ಕಣ್ಣಿನ ಆಪರೇಷನ್ ಆದಾಗ ಹೀಗೆಯೇ ಆಯಿತು. ಮಗ್ಗ ಖಾಲಿ ಇತ್ತು, ನಾನೂ ಖಾಲಿ ಇದ್ದೆ, ಅಪ್ಪನ ಗಾಡಿ ಮಾತ್ರ ಚೈನು ಬಿಚ್ಚಿಸಿಕೊಂಡು ಗ್ಯಾರೇಜಿನಲ್ಲಿತ್ತು. ಅಮ್ಮ ಫೋನಿನಲ್ಲಿ, "ಬರಾಕ ಆಗಂಗಿಲ್ಲೇನ ಈ ಸಲ?" ಎಂದು ಕೇಳಿದಾಗ ನನಗೆ ನಿಜವಾಗಿ ಅಳು ಬಂದಿತ್ತು. ಮುಂದಿನ ಎಂಟು ಸೀರೆ ಮುಗಿದ ಮೇಲೆ ಹೋಗಿ ನೋಡಿದಾಗ ಅಮ್ಮ ಕಪ್ಪು ಕನ್ನಡಕವನ್ನೂ ತೆಗೆದಿಟ್ಟಾಗಿತ್ತು.

ಮಕ್ತಲದಲ್ಲಿ ಇಬ್ಬರೂ ಸೇರಿದರೆ ನನ್ನನ್ನು ಬೆಂಚಿನ ಮೇಲೆ ಕೂರಿಸಿ ಚಹಾ ಕೊಡಿಸುತ್ತಿದ್ದರು. ಆಮೇಲೆ ಕಲಾಪ ಶುರು. ಮರ್ಯಾದೆಗೇನೂ ಕಡಿಮೆಯಿಲ್ಲ. ಮಾವ ಅಳಿಯನನ್ನು "ಅಳಿಯಾರ" ಎನ್ನುವನು, ಅಳಿಯ ಮಾವನನ್ನು "ಮಾವಾರ" ಎನ್ನುವರು. ಬೈಗುಳವೆಲ್ಲ ಗಾಡಿಗೆ.

"ಸೌಂಡ್ ಯಾಕೋ ಕುಂಯ್‌ಗುಡ್ತೈತಿ ಅಳಿಯಾರ. ಜ್ವರ ಬಂದೈತೇನ?"

"ಇಲ್ರಿ ಮಾವಾರ. ನಿಮ್ದು ದೂರದಿಂದ್ಲೇ ಕೇಳ್ತು, ಹಿಟ್ಟಿನ ಗಿರಣಿ ಬಂತಂತ ಹೆಣ್ಮಕ್ಕಳು ಡಬ್ಬಿ ತಗೊಂಡು ಎದ್ದಿದ್ರು."

ಚಹಾದಂಗಡಿಯ ಅವ್ವ ಇದನ್ನು ಕೇಳಿ ಕೇಳಿ ಬೇಸತ್ತು, ನಾವು ಬರುವುದನ್ನು ಕಂಡ ಕೂಡಲೇ ರೇಡಿಯೋದ ದನಿ ಏರಿಸುತ್ತಿದ್ದಳು.

ಒಂದು ದಿನ ನಾನು ತವರಿಗೆ ಹೊರಟಾಗ ವಾದ ಕಿಕ್ಕಿಗೆ ಬಂತು. ಎರಡೂ ಗಾಡಿಗಳಿಗೆ ಬಟನ್ ಒತ್ತಿದರೆ ಚಾಲೂ ಆಗುವ ಸವಲತ್ತಿದೆ. ಆದರೆ ಬಟನ್ ಒತ್ತುವುದು ಕೈಲಾಗದವರ ಲಕ್ಷಣವೆಂದು ಇಬ್ಬರ ನಂಬಿಕೆ. ನಮ್ಮ ಮನೆಯವರು, "ಮಾವಾರ, ಇಷ್ಟೊತ್ತು ನಿಂತು ತಣ್ಣಗಾಗೈತಿ. ಒಂದ ಕಿಕ್ಕಿಗೆ ಚಾಲೂ ಆಗ್ಲಿ, ಒಪ್ಪತೀನಿ" ಎಂದರು. ಅಪ್ಪ ಎದ್ದ. ಪಂಚೆ ಎತ್ತಿ ಕಟ್ಟಿದ. ಸುತ್ತ ನಿಂತವರನ್ನೊಮ್ಮೆ ನೋಡಿ ಒಂದು ಕಿಕ್ ಹೊಡೆದ. ಒಂದೇ ಕಿಕ್ಕಿಗೆ ಗಾಡಿ ಚಾಲೂ ಆಯಿತು. ಅಪ್ಪನ ಮುಖ ನೋಡಬೇಕಿತ್ತು, ನನ್ನ ಮದುವೆಯ ದಿನವೂ ಅಷ್ಟು ಸಂತೋಷ ಅದರಲ್ಲಿರಲಿಲ್ಲ. ಆ ಭರದಲ್ಲೇ ಗೇರು ಹಾಕಿ ಹೊರಟೇಬಿಟ್ಟ. ನಮ್ಮ ಮನೆಯವರು ಮುಖ ಸಿಂಡರಿಸಿ, ಹಿಂದೆ ತಿರುಗಿಯೂ ನೋಡದೆ ತಮ್ಮ ಗಾಡಿಯನ್ನು ನಾರಾಯಣಪೇಟೆಯ ಕಡೆ ತಿರುಗಿಸಿದರು.

ನಾನು ಬೆಂಚಿನ ಪಕ್ಕದಲ್ಲಿ ಚೀಲ ಎತ್ತಿಕೊಳ್ಳಲು ಬಗ್ಗಿದ್ದೆ.

ಎದ್ದು ನೋಡಿದರೆ ಎಡಕ್ಕೂ ಧೂಳು, ಬಲಕ್ಕೂ ಧೂಳು. ಅವ್ವ ರೇಡಿಯೋ ಆರಿಸಿ ನನ್ನನ್ನು ನೋಡಿದಳು. "ಇಬ್ರೂ ಹೋದ್ರಲ್ಲವ್ವಾ. ಈಗ ನೀ ಯಾರ ಪೈಕಿ?" ಎಂದಳು. ನನಗೆ ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು, ಎಂಥ ಸಿಟ್ಟೆಂದರೆ ಕೈಯಲ್ಲಿ ಫೋನಿದ್ದರೂ ಇಬ್ಬರಲ್ಲಿ ಒಬ್ಬರಿಗೂ ಮಾಡಲಿಲ್ಲ. ಇನ್ನೊಂದು ಚಹಾ ತರಿಸಿ, ಯಾರಿಗೆ ಎಷ್ಟು ದೂರ ಹೋದ ಮೇಲೆ ಬೆನ್ನು ಹಗುರಾದದ್ದು ಗೊತ್ತಾಗುತ್ತದೆ ನೋಡೋಣವೆಂದು ಕೂತೆ.

ಅಪ್ಪ ಜೂರಾಲ ಆಣೆಕಟ್ಟಿನವರೆಗೆ ಹೋಗಿದ್ದ. ದಾರಿಯುದ್ದಕ್ಕೂ ಹಿಂದಿನ ಸೀಟಿಗೆ ಕೆಂಪು ಕಂಪನಿಯ ಮಹಿಮೆ ಹೇಳುತ್ತ ಹೋಗಿದ್ದನಂತೆ. ಹಿಂದಿನ ಸೀಟು ಎಂದೂ ಎದುರಾಡಿದ್ದಿಲ್ಲವಾದ್ದರಿಂದ ಅವನಿಗೆ ಸಂಶಯ ಬರಲಿಲ್ಲ. ಆಣೆಕಟ್ಟಿನ ಮೇಲೆ ಗಾಡಿ ನಿಲ್ಲಿಸಿ, ನೀರು ನೋಡು ಎಂದು ತೋರಿಸಲು ತಿರುಗಿದಾಗ ಗೊತ್ತಾಯಿತು. ಫೋನು ಬಂತು.

"ಎಲ್ಲಿ ಅದೀ ಅವ್ವಾ?"

"ಮಕ್ತಲದಾಗ."

ಅಪ್ಪ ಮೆಲ್ಲಗೆ, "ಒಂದ ಕಿಕ್ಕಿಗೆ ಚಾಲೂ ಆತು, ನೋಡ್ದೇನು?" ಎಂದು ಕೇಳಿದ.

ಆ ಕ್ಷಣದಲ್ಲಿ ನಿಶ್ಚಯಿಸಿದೆ. ನಾರಾಯಣಪೇಟೆಯಿಂದ ಗದ್ವಾಲದವರೆಗೆ, ಯಾರ ಬೆನ್ನಿನ ಹಿಂದೆಯೂ ಕೂರದೆ, ಮಕ್ತಲದಲ್ಲಿ ಯಾರ ಕೈಯಿಂದ ಯಾರ ಕೈಗೂ ದಾಟದೆ, ನಾನೇ ಗಾಡಿ ಓಡಿಸಿಕೊಂಡು ಹೋಗಬೇಕು.

ಕಲಿಸಿ ಎಂದು ನೇರವಾಗಿ ಕೇಳಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ನಮ್ಮ ಮನೆಯವರು ಗಾಡಿಯನ್ನು ಒರೆಸಲು ಕೂಡ ನನ್ನ ಕೈಗೆ ಕೊಡುತ್ತಿರಲಿಲ್ಲ, ಗೀರು ಬೀಳುತ್ತದಂತೆ. ಹಾಗಾಗಿ ನಾನು ಕಲಿಸಿ ಎನ್ನಲಿಲ್ಲ. ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತವಳು ಲಾಳಿ ಎಸೆಯುತ್ತ, ಯಾವುದೋ ಹಳೆಯ ಮಾತು ನೆನಪಾದವಳಂತೆ ಹೇಳಿದೆ.

"ಅಪ್ಪ ಅಂತಿದ್ದ. ಕರಿ ಗಾಡಿ ಹೆಣ್ಮಕ್ಕಳಿಗೆ ಬಗ್ಗೂದಲ್ಲಂತ. ಗಂಡಸರಿಗೇ ಏನೋ ತಿಣುಕಿ ತಿಣುಕಿ ಬಗ್ಗತೈತಂತ."

ಅಪ್ಪ ಹಾಗೆ ಅಂದಿರಲಿಲ್ಲ, ದೇವರಾಣೆ.

ನಮ್ಮ ಮನೆಯವರ ಮಗ್ಗದ ಸದ್ದು ನಿಂತಿತು. "ಯಾರು, ಮಾವಾರು ಅಂದ್ರಾ?"

"ಹೋಗ್ಲಿ ಬಿಡ್ರಿ. ವಯಸ್ಸಾದವರು."

ಮರುದಿನವೇ ಕೊತ್ತಪಲ್ಲಿಯ ದಾರಿಯಲ್ಲಿ ಶೇಂಗಾ ಕಿತ್ತು ಖಾಲಿಯಾಗಿದ್ದ ಒಂದು ಹೊಲದಲ್ಲಿ ನಾನು ಕರಿ ಗಾಡಿಯ ಮುಂದಿನ ಸೀಟಿನಲ್ಲಿದ್ದೆ. ಅವರು ಹಿಂದೆ ಓಡುತ್ತ, "ಕ್ಲಚ್ ಮೆತ್ತಗ, ಮೆತ್ತಗ, ರೇಷ್ಮಿ ಎಳಿ ಬಿಟ್ಟಂಗ ಬಿಡು" ಎಂದು ಕೂಗುತ್ತಿದ್ದರು. ನಾನು ಮೂರನೆಯ ದಿನಕ್ಕೇ ಸರಾಗವಾಗಿ ಓಡಿಸಿದೆ. ಅವರಿಗೆ ಆಶ್ಚರ್ಯ, ನನಗೇನೂ ಇಲ್ಲ. ಹತ್ತು ವರ್ಷದ ಹುಡುಗಿಯಿದ್ದಾಗಿನಿಂದ ಮಗ್ಗದ ಕುಣಿಯಲ್ಲಿ ಎರಡು ಕಾಲಿಗೆ ಎರಡು ಕೆಲಸ, ಎರಡು ಕೈಗೆ ಎರಡು ಕೆಲಸ, ಕಣ್ಣಿಗೆ ಬೇರೆಯೇ ಕೆಲಸ. ಗಾಡಿಯಲ್ಲಿ ಮಾಡುವುದು ಅದನ್ನೇ ತಾನೆ, ಕುಣಿಯಿಂದ ಮೇಲೆ ಬಂದು.

ಆದರೆ ನಾನು ಕಲಿತದ್ದು ಸಾಬೀತಾದ ಕೂಡಲೇ ಅವರು ಕೀಲಿ ಕಿಸೆಗೆ ಹಾಕಿದರು. "ಆತಲ್ಲ, ಕಲತಿ. ಮಾವಾರಿಗೆ ಹೇಳು" ಎಂದರು. ರಸ್ತೆಗೆ ಮಾತ್ರ ಬಿಡಲಿಲ್ಲ.

ಹೇಳು ಎಂದರಲ್ಲ, ಹೇಳಿದೆ. ಎಂಟು ಸೀರೆಯ ಮೇಲೆ ಗದ್ವಾಲಕ್ಕೆ ಹೋದಾಗ ಅಪ್ಪನಿಗೆ ನೀರು ಕೊಡುತ್ತ ಹೇಳಿದೆ. "ಅಪ್ಪಾ, ನಾ ಗಾಡಿ ಓಡಸಾಕ ಕಲತೀನಿ. ಕರಿ ಗಾಡಿ. ನಿನ್ನ ಅಳಿಯಾರು ಅಂತಾರ, ಕೆಂಪು ಗಾಡಿ ಆಗಿದ್ರ ಕಲಿಯಾಕ ಆಗ್ತಿರಲಿಲ್ಲಂತ. ರಸ್ತಾಕ್ಕಂತೂ ಒಯ್ಯೂದ ಬ್ಯಾಡಂತ, ನಡುದಾರಿಯಾಗ ಕೈ ಕೊಡ್ತೈತಂತ."

ನಮ್ಮ ಮನೆಯವರು ಹಾಗೆ ಅಂದಿರಲಿಲ್ಲ, ಅದೂ ದೇವರಾಣೆ. ದೇವರು ನನ್ನ ಆಣೆಗಳನ್ನು ಆ ದಿನಗಳಲ್ಲಿ ಲೆಕ್ಕಕ್ಕೆ ಹಿಡಿಯದೆ ಬಿಟ್ಟಿರಬೇಕು.

ಅಪ್ಪ ನೀರಿನ ಚೊಂಬು ಕೆಳಗಿಟ್ಟು ಎದ್ದವನು ಕಲಿಯುವವರ ಲೈಸೆನ್ಸ್ ಮಾಡಿಸಲು ಕಾಗದ ಏನೇನು ಬೇಕೆಂದು ವಿಚಾರಿಸಲು ಹೋದ. ಅದು ಕೈಗೆ ಬಂದ ಮೇಲೆ ಕೆಂಪು ಗಾಡಿಯನ್ನು ನನ್ನ ಕೈಗೆ ಕೊಟ್ಟು, ತಾನು ಹಿಂದೆ ಕೂತು ಜೂರಾಲ ಆಣೆಕಟ್ಟಿನ ಮೇಲಿನ ರಸ್ತೆಯನ್ನು ದಾಟಿಸಿದ. ಒಂದು ಬದಿಗೆ ನೀರು ತುಂಬಿತ್ತು, ಇನ್ನೊಂದು ಬದಿಗೆ ಬಂಡೆಗಳ ನಡುವೆ ಹೊಳೆ ಹರಿಯುತ್ತಿತ್ತು. ಎದುರಿಂದ ಲಾರಿ ಬಂದಾಗ ಅಪ್ಪ ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಂಡ. ಅವನು ಹೆದರಿದ್ದು ನನಗೆ ತಿಳಿಯಿತು, ಖುಷಿಯಾಯಿತು. ಆಚೆ ದಡದಲ್ಲಿ ಇಳಿದು, "ಹೆಂಗೈತಿ ನಮ್ಮ ಗಾಡಿ?" ಎಂದ. ನಾನು ಹೆಂಗಿದ್ದೆ ಎಂದು ಕೇಳಲಿಲ್ಲ.

ಹೀಗೆ ಒಬ್ಬರ ಹೆಸರು ಹೇಳಿ ಇನ್ನೊಬ್ಬರ ಹತ್ತಿರ, ಇನ್ನೊಬ್ಬರ ಹೆಸರು ಹೇಳಿ ಒಬ್ಬರ ಹತ್ತಿರ, ನಾಲ್ಕಾರು ತಿಂಗಳು ಎರಡೂ ಕಂಪನಿಗಳಿಂದ ಪಾಠ ಹೇಳಿಸಿಕೊಂಡೆ. ಒಂದು ಸಣ್ಣ ಸಂಗತಿಯನ್ನು ಮಾತ್ರ ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ. ಕರಿ ಗಾಡಿಯಲ್ಲಿ ಗೇರು ಏರಿಸಲು ಪಾದದಿಂದ ಕೆಳಗೆ ಒತ್ತಬೇಕು, ಇಳಿಸಲು ಮೇಲೆತ್ತಬೇಕು. ಕೆಂಪು ಗಾಡಿಯಲ್ಲಿ ಮೊದಲನೆಯದು ಬಿಟ್ಟರೆ ಉಳಿದದ್ದೆಲ್ಲ ತಿರುಗುಮುರುಗು. ಅಪ್ಪನ ಪಕ್ಕ ಇದ್ದಾಗ ಅಪ್ಪನ ಕಾಲು, ಗಂಡನ ಪಕ್ಕ ಇದ್ದಾಗ ಗಂಡನ ಕಾಲು ಎಂಬಂತೆ ಹೇಗೋ ಸಾಗಿತ್ತು.

ಪಕ್ಕಾ ಲೈಸೆನ್ಸಿನ ಪರೀಕ್ಷೆಯ ದಿನ ಇಬ್ಬರೂ ಬಂದರು. ಪರೀಕ್ಷೆ ಇದ್ದದ್ದು ನಾರಾಯಣಪೇಟೆಯಲ್ಲಿ, ಅಪ್ಪ ಕಾಲಿಡುವುದಿಲ್ಲ ಎಂದಿದ್ದ ಊರಿನಲ್ಲಿ. ಆದರೂ ಗಾಡಿಯ ಗಾಳಿಯನ್ನು ಗದ್ವಾಲದಲ್ಲೇ ಎರಡು ಸಲ ನೋಡಿಸಿಕೊಂಡು ಬಂದಿದ್ದ. ಎರಡೂ ಗಾಡಿ ತೊಳೆದು, ಎಣ್ಣೆ ಒರೆಸಿ ಮಿರಿಮಿರಿ ಮಿಂಚುತ್ತಿದ್ದವು. ಕರಿ ಗಾಡಿಯ ಕನ್ನಡಿಗೆ ಯಾರೋ ಮಲ್ಲಿಗೆಯನ್ನೂ ಸುತ್ತಿದ್ದರು. ಪರೀಕ್ಷೆ ಮಾಡುವ ಸಾಹೇಬರು ಬಂದು, "ಏ ಬಂಡಿ?" ಎಂದು ತೆಲುಗಿನಲ್ಲಿ ಕೇಳಿದರು. ಯಾವ ಗಾಡಿ ಎಂದು. "ಇದಿ" ಎಂದು ಅಪ್ಪ ಕೆಂಪನ್ನು ತೋರಿಸಿದ. "ಇದಿ" ಎಂದು ನಮ್ಮ ಮನೆಯವರು ಕರಿಯನ್ನು ತೋರಿಸಿದರು. ಸಾಹೇಬರು ಇಬ್ಬರನ್ನೂ ನೋಡಿ, "ಟೆಸ್ಟು ಎವರಿಕಿ?" ಎಂದರು. ಪರೀಕ್ಷೆ ಯಾರಿಗೆ ಎಂದು. ಆಗ ಇಬ್ಬರಿಗೂ ನಾನು ನೆನಪಾದೆ. ಸಾಹೇಬರು ಬೇಸರದಿಂದ ತಮಗೆ ಹತ್ತಿರವಿದ್ದ ಕೆಂಪು ಗಾಡಿಯತ್ತ ಕೈ ತೋರಿಸಿದರು.

ನೆಲದ ಮೇಲೆ ಎಂಟರ ಆಕಾರದಲ್ಲಿ ಸುಣ್ಣ ಹಾಕಿದ್ದರು. ಮೊದಲ ಸುತ್ತು ಚೆನ್ನಾಗಿಯೇ ಹೋಯಿತು. ನಡುವೆ ಎರಡನೆಯ ಗೇರಿಗೆ ಬಂದೆ. ಕೊನೆಯ ತಿರುವಿನಲ್ಲಿ ವೇಗ ಇಳಿಸಬೇಕಾಗಿ ಬಂದಾಗ, ನೋಡುತ್ತಿದ್ದ ನಮ್ಮ ಮನೆಯವರ ಮುಖ ಎದುರಿಗೇ ಬಂತು. ನನ್ನ ಕಾಲು ತಾನಾಗಿ ಕರಿ ಗಾಡಿಯ ಲೆಕ್ಕದಲ್ಲಿ ಮೇಲೆತ್ತಿಬಿಟ್ಟಿತು. ಗೇರು ಇಳಿಯುವ ಬದಲು ಏರಿತು, ಗಾಡಿ ಗದಗದ ನಡುಗಿ ನಿಂತಿತು, ನಾನು ನೆಲಕ್ಕೆ ಕಾಲು ಕೊಟ್ಟೆ. ಕಾಲು ಕೊಟ್ಟರೆ ಫೇಲು.

"ಕಾಲಿಗೆ ನಿಮ್ಮ ಗಾಡಿ ಚಟ ಹಿಡದೈತಿ ಅಳಿಯಾರ, ಅದಕ್ಕ ಹಿಂಗಾತು" ಎಂದ ಅಪ್ಪ.

"ನಿಂತದ್ದು ನಿಮ್ಮ ಗಾಡಿ ಮಾವಾರ. ನಮ್ಮದು ಅಲ್ಲೇ ಮಲ್ಲಿಗಿ ಮುಡಕೊಂಡು ನಿಂತೈತಿ."

"ಕೆಂಪು ಗಾಡಿ ಆಗಿದ್ರ ಕಲಿಯಾಕ ಆಗಂಗಿಲ್ಲ, ರಸ್ತಾದಾಗ ಕೈ ಕೊಡ್ತೈತಿ ಅಂತ ಹಂಗಿಸಿದವರು ನೀವ ಅಲ್ಲೇನು?"

"ನಾ ಎಲ್ಲಿ ಅಂದೀನ್ರಿ? ಕರಿ ಗಾಡಿ ಹೆಣ್ಮಕ್ಕಳಿಗೆ ಬಗ್ಗಂಗಿಲ್ಲ ಅಂತ ಅಂದವರು ನೀವು."

"ನಾ ಯಾವಾಗ ಅಂದೆ?"

ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದರು. ನಾನು ನನ್ನ ಚಪ್ಪಲಿಯ ಉಂಗುಷ್ಠವನ್ನು ಬಹಳ ಹೊತ್ತು ಪರೀಕ್ಷಿಸಿದೆ. ಸಾಹೇಬರು ಕಾಗದದ ಮೇಲೆ ಗೀಟು ಎಳೆಯುತ್ತ, "ಒಕ್ಕ ಬಂಡಿ ಮೀದ ನೇರ್ಚುಕೋ ಅಮ್ಮಾ" ಎಂದು ಹೇಳಿ ಒಳಗೆ ಹೋದರು. ಒಂದೇ ಗಾಡಿಯ ಮೇಲೆ ಕಲಿತುಕೋ ತಾಯಿ.

ಅವರಿಗೇನು, ಸಲೀಸಾಗಿ ಹೇಳಿಹೋದರು. ಕೆಂಪು ಗಾಡಿಯ ಮೇಲೆ ಕಲಿತರೆ ಗಂಡನ ಮನೆಯಲ್ಲಿ ಇರಬೇಕಲ್ಲ. ಕರಿಯದರ ಮೇಲೆ ಕಲಿತರೆ ತವರಿಗೆ ಯಾವ ಮುಖ ಹೊತ್ತು ಹೋಗಲಿ? ಆಯ್ಕೆ ಮಾಡುವ ಕಷ್ಟವನ್ನೂ ಅಪ್ಪ, ನಮ್ಮ ಮನೆಯವರು ನನಗೆ ಉಳಿಸಲಿಲ್ಲ. ಸುಳ್ಳು ಹೇಳಿ ಇಬ್ಬರ ಮಾನವನ್ನೂ ತೆಗೆದೆನೆಂದು ಇಬ್ಬರೂ ಕೀಲಿಯನ್ನು ಕಿಸೆಗೆ ಹಾಕಿದರು. ಮುಂದಿನ ಖಾಲಿ ಮಗ್ಗದ ಮೂರು ದಿನದಲ್ಲಿ ನಾನು ಮತ್ತೆ ಮಕ್ತಲದ ಬೆಂಚಿನ ಮೇಲೆ ಚೀಲ ಹಿಡಿದು ಕೂತಿದ್ದೆ. ಈ ಸಲ ಇಬ್ಬರೂ ಹೊರಡುವ ಮುಂಚೆ ನಾನು ಹತ್ತಿದ್ದೇನೋ ಇಲ್ಲವೋ ಎಂದು ತಿರುಗಿ ನೋಡಿದರು, ಅಷ್ಟೇ ಸುಧಾರಣೆ. ಓಡಿಸಲು ಬಂದೂ ಹಿಂದೆ ಕೂರುವುದು, ಬಾರದೆ ಕೂತದ್ದಕ್ಕಿಂತ ಎಷ್ಟೋ ಕಷ್ಟ. ಪ್ರತಿ ತಿರುವಿನಲ್ಲೂ ನನ್ನ ಕಾಲು ಗಾಳಿಯಲ್ಲಿ ಗೇರು ಹುಡುಕುತ್ತಿತ್ತು. ಆ ದಿನ ಅಪ್ಪನ ಹಿಂದೆ ಕೂತು ಹೊಳೆ ದಾಟುವಾಗ ಅತ್ತಿದ್ದೇನೆ. ಗಾಳಿಗೆ ಕಣ್ಣಲ್ಲಿ ನೀರು ಬಂತೆಂದು ಅವನಿಗೆ ಹೇಳಿದೆ.

ನಮ್ಮ ಓಣಿಗೆ ಕೋಸಗಿಯ ಕಡೆಯಿಂದ ಮೊಸರು ಮಾರುವವನೊಬ್ಬ ಬರುತ್ತಿದ್ದ. ಅವನದೊಂದು ಮೊಪೆಡ್. ಗೇರಿಲ್ಲ, ಕ್ಲಚ್ಚಿಲ್ಲ. ಮುಂದೆ ಕಾಲಿಡುವಲ್ಲಿ ಸಪಾಟಾದ ಜಾಗ, ಅದರಲ್ಲಿ ಎರಡು ಕ್ಯಾನು. ಈ ಗಾಡಿಯನ್ನು ಕೆಂಪಿನವರೂ ಕರಿಯವರೂ ಗಾಡಿಯೆಂದೇ ಎಣಿಸುವುದಿಲ್ಲ. ಸೊಪ್ಪಿನವರದು, ಮೊಸರಿನವರದು, ಗುಜರಿಯವರದು ಎನ್ನುತ್ತಾರೆ. ಮೊಸರಿನವನು ಮೂರು ಗಾಲಿಯ ಗಾಡಿ ಕೊಳ್ಳುವವನಿದ್ದಾನೆ, ಇದನ್ನು ಕೊಡುತ್ತಾನೆ ಎಂದು ಕೇಳಿದೆ. ಅವನು ಓಣಿಯಲ್ಲಿ ನಿಲ್ಲಿಸಿದ್ದಾಗ ಆ ಸಪಾಟಾದ ಜಾಗವನ್ನು ಗೇಣು ಹಾಕಿ ನೋಡಿದೆ. ಎಂಟು ಸೀರೆಯ ಗಂಟು ಸರಿಯಾಗಿ ಕೂರುತ್ತಿತ್ತು. ನನ್ನ ಮಗ್ಗದ ದುಡಿಮೆಯಲ್ಲೇ ಅದನ್ನು ಕೊಂಡೆ, ಯಾರನ್ನೂ ಕೇಳಲಿಲ್ಲ.

ಅದರ ಮೇಲೆಯೇ ಪರೀಕ್ಷೆಗೆ ಹೋದೆ, ಒಬ್ಬಳೇ, ಪಕ್ಕದ ಮನೆಯ ಅತ್ತಿಗೆಯನ್ನು ಮಾತ್ರ ಜೊತೆಗಿಟ್ಟುಕೊಂಡು. ಎಂಟರ ಸುತ್ತಿನಲ್ಲಿ ನನ್ನ ಎರಡೂ ಕಾಲುಗಳಿಗೆ ಏನೂ ಕೆಲಸವಿರಲಿಲ್ಲ, ಹಾಯಾಗಿ ಕೂತಿದ್ದವು. ಪಾಸಾದೆ. ಗೇರಿಲ್ಲದ ಗಾಡಿಯ ಲೈಸೆನ್ಸು, ಇರಲಿ.

ಮೊಪೆಡ್ಡನ್ನು ಮನೆಗೆ ತಂದ ದಿನ ನಮ್ಮ ಮನೆಯವರು ಅಂಗಳಕ್ಕೆ ಬಂದು ಅದನ್ನು ನೋಡಿದರು. ಆಮೇಲೆ ತಮ್ಮ ಕರಿ ಗಾಡಿಯನ್ನು ಮೆಲ್ಲಗೆ ಆಚೆ ಗೋಡೆಗೆ ಸರಿಸಿದರು, ಸೋಂಕು ತಗಲುತ್ತದೇನೋ ಎಂಬಂತೆ. "ನನಗ ಓಣಿಯಾಗ ತಲಿ ಎತ್ತಾಕ ಆಗದಂಗ ಮಾಡಿದಿ" ಎಂದರು.

"ಮೊಸರು ಬೇಕಾದ್ರ ಹೇಳ್ರಿ" ಎಂದೆ.

ಅಂದು ಅವರು ಮಾಡಿದ ಕೆಲಸ ನಮ್ಮ ವಂಶದಲ್ಲೇ ಹೊಸದು. ಜಗುಲಿಯ ಮೇಲೆ ಕೂತು ತಾವಾಗಿ ಅಪ್ಪನಿಗೆ ಫೋನು ಮಾಡಿದರು. "ಮಾವಾರ, ನಿಮ್ಮ ಮಗಳು ಏನು ತಂದಾಳ ಕೇಳಿರೇನು?" ಎಂದು ಶುರುವಾದದ್ದು ಒಂದು ಗಂಟೆ ನಡೆಯಿತು. ಆ ಕಡೆಯಿಂದ ಅಪ್ಪನ ದನಿ ನನಗೂ ಕೇಳುತ್ತಿತ್ತು. ಗಾಲಿ ನೋಡಿದ್ರ ಸೈಕಲ್ಲಿನವು. ಇಳುಕಲಿನಾಗೂ ಉಸಿರು ಬಿಡ್ತೈತಿ. ಹಾರ್ನ್ ಹೊಡದ್ರ ಕೋಳಿ ಬರ್ತಾವ. ಇಬ್ಬರೂ ಒಬ್ಬರ ಮಾತಿಗೆ ಒಬ್ಬರು ಹೌದು ಹೌದು ಎನ್ನುತ್ತಿದ್ದರು. ನಡುವೆ ನಮ್ಮ ಮನೆಯವರು, "ಏನ ಅನ್ರಿ ಮಾವಾರ, ನಿಮ್ಮ ಗಾಡಿ ಅಂದ್ರ ಒಂದು ತೂಕ ಐತಿ" ಎಂದದ್ದನ್ನು ನಾನು ನನ್ನ ಕಿವಿಯಾರೆ ಕೇಳಿದೆ. ಊರ ಹಿರಿಯರು ಕೂತು ಹೇಳಿದರೂ ಆಗದ ರಾಜಿಯನ್ನು ನನ್ನ ಮೊಪೆಡ್ಡು ಮಾಡಿಸಿತ್ತು. ನನಗೆ ಸಿಟ್ಟೇ ಬರಲಿಲ್ಲ, ಆಡಿಕೊಳ್ಳಲಿ ಎಂದು ಒಳಗೆ ಕೂತು ನಗುತ್ತಿದ್ದೆ.

ಎಂಟನೆಯ ಸೀರೆಯನ್ನು ಕೊಯ್ದ ಮರುದಿನ ಬೆಳಿಗ್ಗೆ ಹೊರಟೆ. ನಮ್ಮ ಮನೆಯವರು ಮಕ್ತಲದವರೆಗೆ ಹಿಂದೆಯೇ ಬರುತ್ತೇನೆ ಎಂದರು. ಬೇಡ ಎಂದೆ. ಬ್ರೇಕು ಒಮ್ಮೆ ನೋಡಿಕೋ ಎಂದು ಅವರೇ ಬಗ್ಗಿ ಒತ್ತಿ ನೋಡಿ, ಆಮೇಲೆ ಯಾರಾದರೂ ಕಂಡರೇನೋ ಎಂದು ಓಣಿಯ ಎರಡೂ ಕಡೆ ನೋಡಿದರು.

ಎಲ್ಲರೂ ನನ್ನನ್ನು ಹಿಂದೆ ಹಾಕಿ ಹೋದರು. ಲಾರಿ, ಬಸ್ಸು, ಕೆಂಪು ಗಾಡಿ, ಕರಿ ಗಾಡಿ, ಒಂದು ಟ್ರ್ಯಾಕ್ಟರ್ ಕೂಡ. ಹೋಗಲಿ. ಮಕ್ತಲದಲ್ಲಿ ಚಹಾದಂಗಡಿಯ ಅವ್ವ ಕೈ ಎತ್ತಿದಳು, ನಾನೂ ಎತ್ತಿದೆ, ನಿಲ್ಲಿಸಲಿಲ್ಲ. ಜೂರಾಲದಲ್ಲಿ ಆಣೆಕಟ್ಟಿನ ಮೇಲೆ ಗಾಳಿ ಜೋರಾಗಿತ್ತು, ಸೀರೆಯ ಗಂಟನ್ನು ಮೊಣಕಾಲಿನಿಂದ ಒತ್ತಿ ಹಿಡಿದೆ. ಆ ರಸ್ತೆಯನ್ನು ನಾನು ಎಷ್ಟು ಸಲ ದಾಟಿದ್ದೆನೋ ಲೆಕ್ಕವಿಲ್ಲ. ಎದುರಿಗೆ ಯಾರ ಬೆನ್ನೂ ಇಲ್ಲದೆ, ಯಾರೂ ನನ್ನ ಹೆಗಲು ಹಿಡಿಯದೆ ದಾಟಿದ್ದು ಅದೇ ಮೊದಲು.

ಹೊತ್ತು ಏರುವ ಮುಂಚೆಯೇ ಗದ್ವಾಲ ತಲುಪಿದೆ. ಅಮ್ಮ ಓಡಿ ಬಂದು ನನ್ನ ಮುಖದ ಧೂಳನ್ನು ಸೆರಗಿನಲ್ಲಿ ಒರೆಸಿ, "ಒಬ್ಬಾಕಿನ ಬಂದಿ?" ಎಂದು ಮೂರು ಸಲ ಕೇಳಿದಳು. ಅಪ್ಪ ಕಟ್ಟೆಯ ಮೇಲೆ ಕೂತಿದ್ದ, ಇಳಿಯಲಿಲ್ಲ. ನಾನು ಗಂಟು ಇಳಿಸಿದ ಮೇಲೆ ಎದ್ದು ಬಂದ. ಮೊಪೆಡ್ಡಿನ ಸುತ್ತ ಒಂದು ಸುತ್ತು ಬಂದ. ಚೈನು ನೋಡಿದ, ಗಾಲಿಯನ್ನು ಹೆಬ್ಬೆರಳಲ್ಲಿ ಒತ್ತಿದ. ಬೈಗುಳಕ್ಕೆ ನಾನು ತಯಾರಾಗಿ ನಿಂತೆ.

"ಎಷ್ಟು ಕೊಡ್ತೈತಿ?" ಎಂದ.

ಲೀಟರಿಗೆ ಎಷ್ಟು ದೂರ ಓಡುತ್ತದೆ ಎಂದು. ನಮ್ಮ ಕಡೆ ಗಾಡಿಯವರು ಗಾಡಿಯವರನ್ನು ಕಂಡರೆ ಕ್ಷೇಮಸಮಾಚಾರಕ್ಕೂ ಮೊದಲು ಕೇಳುವುದು ಇದನ್ನೇ. ಹಿಂದೆ ಕೂರುವವರನ್ನು ಯಾರೂ ಕೇಳುವುದಿಲ್ಲ. ಇಷ್ಟು ವರ್ಷ ಅಪ್ಪನ ಹಿಂದೆ ಕೂತ ಅಮ್ಮನನ್ನು ಒಬ್ಬರೂ ಕೇಳಿದ್ದಿಲ್ಲ. ಅಪ್ಪ ಕೇಳಿದ್ದು ನನ್ನನ್ನು, ನನ್ನ ಕಣ್ಣನ್ನೇ ನೋಡಿಕೊಂಡು. ನನಗೆ ಎದೆ ತುಂಬಿ ಬಂತು. ಇದ್ದದ್ದರ ಮೇಲೆ ಹತ್ತು ಕಿಲೋಮೀಟರು ಸೇರಿಸಿ ಹೇಳಿದೆ.

ಅಪ್ಪ "ಹೂಂ" ಎಂದ, ಗಾಡಿಯವರೆಲ್ಲ ಮಾಡುವಂತೆ ಮನಸ್ಸಿನಲ್ಲೇ ಹತ್ತು ಕಳೆದುಕೊಂಡು.